ಆರದ ಗೋಡೆ

ಆವತಿ
11 ಮಾರ್ಚ್ 2024

ಅಕ್ಕನಿಗೆ,

ಇಲ್ಲಿ ಎಲ್ಲರೂ ಚೆನ್ನಾಗಿದ್ದೇವೆ ಎಂದು ಮೊದಲ ಸಾಲಿನಲ್ಲಿ ಬರೆಯಬೇಕು. ಬರೆದಿದ್ದೇನೆ.

ನಿನ್ನ ಫೋನು ನನ್ನ ನಂಬರಿಗೆ ಸಿಗುತ್ತಿಲ್ಲ. ಸಿಂಚನ ಫೋನನ್ನು ತಿರುಗಿಸಿ ಮುರುಗಿಸಿ ನೋಡಿ, "ಅತ್ತೆ ನಿನ್ನ ಬ್ಲಾಕ್ ಮಾಡವ್ರೆ ಕಣಪ್ಪ" ಎಂದು ನಕ್ಕಳು. ಮಗಳು ಹೀಗೆ ನಗುವಾಗ ತಂದೆಯಾದವನು ಏನು ಮಾಡಬೇಕೋ ತಿಳಿಯದೆ ನಾನೂ ನಕ್ಕೆ. ಆದ್ದರಿಂದ ಈ ಕಾಗದ. ನಿನ್ನ ಹಾಸ್ಟೆಲಿನ ವಿಳಾಸ ಕೊಟ್ಟವಳೂ ಅವಳೇ.

ವಿಷಯ ಸಣ್ಣದು. ಹುಳುಮನೆಯ ಬಾಗಿಲ ಪಕ್ಕ ಅಪ್ಪ ತೂಗುಹಾಕಿದ್ದ ಥರ್ಮಾಮೀಟರು ಕಾಣುತ್ತಿಲ್ಲ. ಅದೇ, ರೇಷ್ಮೆ ಇಲಾಖೆಯವರು ಕೊಟ್ಟದ್ದು, ಎರಡು ಗಾಜಿನ ಕೊಳವೆ, ಒಂದರ ಬುಡಕ್ಕೆ ಬಟ್ಟಲಿನ ನೀರಿನಲ್ಲಿ ಅದ್ದಿದ ಬತ್ತಿ. ಮೊಳೆ ಹಾಗೇ ಇದೆ. ಗೋಡೆಯ ಮೇಲೆ ಅದರ ಆಕಾರದ ಬಿಳಿ ಗುರುತು ಉಳಿದಿದೆ. ನೀನು ಹೊರಟ ದಿನದಿಂದ ಕಾಣುತ್ತಿಲ್ಲ ಎಂದು ಅಕ್ಷತ ಹೇಳುತ್ತಾಳೆ. ನಾನು ಹಾಗೆ ಹೇಳುತ್ತಿಲ್ಲ. ಕೇಳುತ್ತಿದ್ದೇನೆ, ಅಷ್ಟೆ.

ವಿಜಯಪುರದಿಂದ ಹೊಸದೊಂದನ್ನು ತಂದೆ. ಕೆಟ್ಟದ್ದನ್ನು ಕೊಟ್ಟಿರಬೇಕು. ಬೆಳಗ್ಗೆ ಹಾಲಿಗೆ ಹೋಗುವ ಮೊದಲು ನೋಡಿದರೂ ಇಪ್ಪತ್ತೇಳು ಎನ್ನುತ್ತದೆ. ಅಪ್ಪನ ಕಾಲದಲ್ಲಿ ಆ ಹೊತ್ತಿಗೆ ಇಪ್ಪತ್ಮೂರು ದಾಟಿದ್ದು ನನಗೆ ನೆನಪಿಲ್ಲ. ಅಂಗಡಿಯವನಿಗೆ ಹಿಂತಿರುಗಿಸುವ ಮೊದಲು ಹಳೆಯದರ ಪಕ್ಕ ಇಟ್ಟು ನೋಡಬೇಕಿತ್ತು.

ನೀನು ಹೋದಮೇಲಿನ ಚಳಿಗಾಲದ ರೇಷ್ಮೆ ಬೆಳೆ ಚೆನ್ನಾಗಿ ಬಂತು. ನೋಯಿಸಲು ಬರೆಯುತ್ತಿಲ್ಲ. ಬಂತು, ಆದ್ದರಿಂದ ಬರೆದೆ.

ಅಂಬರೀಶ್


ಲಗ್ಗೆರೆ, ಬೆಂಗಳೂರು
19 ಮಾರ್ಚ್ 2024

ಅಂಬರೀಶನಿಗೆ,

ಹೌದು, ನಾನೇ ತಂದಿದ್ದೇನೆ. ಕದ್ದದ್ದಲ್ಲ. ಆ ಬಟ್ಟಲಿಗೆ ದಿನಾ ನೀರು ಹಾಕುವ ಕೆಲಸವನ್ನು ಅಪ್ಪ ನನಗೆ ಒಪ್ಪಿಸಿದಾಗ ನೀನಿನ್ನೂ ಸ್ಲೇಟು ಹಿಡಿದಿರಲಿಲ್ಲ. ಮನೆಯಿಂದ ನನ್ನನ್ನು ತೆಗೆದಿರಿ. ಆ ಕೆಲಸದಿಂದ ಯಾರೂ ತೆಗೆದಿರಲಿಲ್ಲ.

ನಿನ್ನನ್ನು ಬ್ಲಾಕ್ ಮಾಡಿದ್ದು ನೀನು ಮಾತಾಡುತ್ತೀಯೆಂದಲ್ಲ. ಮಾತಾಡುವಾಗ ಸ್ಪೀಕರ್ ಹಾಕಿರುತ್ತೀಯೆಂದು. ನಾನು "ಹಲೋ" ಎಂದ ಕೂಡಲೇ ನಿನ್ನ ಹಿಂದೆ ಪಾತ್ರೆಯ ಸದ್ದು ನಿಲ್ಲುತ್ತದೆ. ನಿನ್ನ ಹೆಂಡತಿ ಉಸಿರು ಬಿಗಿಹಿಡಿದು ಕೇಳುವುದು ಲಗ್ಗೆರೆಗೂ ಕೇಳುತ್ತದೆ. ಡೈರಿಯ ವಿಳಾಸಕ್ಕೆ ಬರೆಯುತ್ತಿದ್ದೇನೆ. ಹಾಲಿನ ಸಂಘದ ಸೆಕ್ರೆಟರಿಗೆ ಬಂದ ಕಾಗದವನ್ನು ಸೆಕ್ರೆಟರಿಯೇ ಒಡೆಯುತ್ತಾನೆ ಎಂದು ನಂಬಿದ್ದೇನೆ.

ಥರ್ಮಾಮೀಟರು ನನ್ನ ಕೋಣೆಯಲ್ಲಿದೆ. ವಾರ್ಡನ್ನಿನ ಕೋಣೆಯೆಂದರೆ ಹಾಸ್ಟೆಲಿನ ಮೇಲಿನ ಅಂತಸ್ತು, ತಲೆಯ ಮೇಲೆ ತಾರಸಿ. ಗಾರ್ಮೆಂಟ್ಸಿನಿಂದ ಹುಡುಗಿಯರು ಬಂದು ಉಂಡು ಮಲಗುವ ಹೊತ್ತಿಗೆ ಹೊರಗೆ ಬಿಸಿಲು ಹೋಗಿ ಎಷ್ಟೋ ಹೊತ್ತಾಗಿರುತ್ತದೆ. ಆಗ ಪಶ್ಚಿಮದ ಗೋಡೆಗೆ ಅಂಗೈ ಇಟ್ಟರೆ ಒಲೆ ಆರಿಸಿದ ಮೇಲಿನ ಕಾವಲಿಯಂತೆ ಇರುತ್ತದೆ. ಕಾಂಕ್ರೀಟು ಹಗಲೆಲ್ಲ ಬಿಸಿಲು ಕುಡಿದು ಕತ್ತಲಾದ ಮೇಲೆ ಕೊಠಡಿಯೊಳಕ್ಕೆ ಬಿಡುತ್ತದೆ. ಎದುರು ಕಟ್ಟಡದ ಗೋಡೆ ಇದರ ಮೇಲೆ ಬಿಡುತ್ತದೆ, ಇದು ಅದರ ಮೇಲೆ. ನಡುವೆ ಒಂದು ಆಟೋ ಹೋಗುವಷ್ಟು ಗಲ್ಲಿ. ಗಾಳಿ ಬಂದು ಎತ್ತಿಕೊಂಡು ಹೋಗಬೇಕು, ಗಾಳಿಗೆ ದಾರಿಯಿಲ್ಲ. ಅದು ಪೂರ್ತಿ ಆರುವ ಮೊದಲೇ ಮಾರನೆಯ ಸೂರ್ಯ ಹುಟ್ಟುತ್ತಾನೆ. ಆದ್ದರಿಂದ ನಿನ್ನ ಹೊಸ ಥರ್ಮಾಮೀಟರು ಕೆಟ್ಟಿಲ್ಲ. ನಮ್ಮ ಮಾವಿನ ತೋಪು ಲೇಔಟಾದ ಮೇಲೆ ಆವತಿಯಲ್ಲೂ ಲಗ್ಗೆರೆಯ ಒಂದು ಚೂರು ಬಂದು ಕೂತಿದೆ, ನಮ್ಮ ಹುಳುಮನೆಗೆ ಬೆನ್ನು ಹಚ್ಚಿ.

ಚಳಿಗಾಲದ ಬೆಳೆ ಬಂದದ್ದು ಚಳಿಯಿಂದ. ನಾನು ಹೋದೆನೆಂದು ಅಲ್ಲ.

ಡೈರಿಯ ಮುಂದೆ ನಡೆದದ್ದನ್ನು ನೀನು ಮರೆತಿರಬಹುದು, ನಾನು ಬರೆದಿಡುತ್ತೇನೆ. ಬೇಸಿಗೆಯ ಎರಡನೇ ಬೆಳೆಯೂ ಸಪ್ಪೆ ರೋಗಕ್ಕೆ ಹೋಗಿ, ಕಪ್ಪಾಗಿ ಜೋತ ಹುಳುಗಳನ್ನು ನಾವಿಬ್ಬರೂ ಗುಂಡಿಗೆ ಹಾಕಿ ಬಂದ ದಿನ. ಹಾಲು ಹಾಕಲು ಸಾಲು ನಿಂತಿತ್ತು. ನಮ್ಮ ಹಾಗೇ ಹುಳು ಸಾಕುವ ದೊಡ್ಡಮುನಿಯಪ್ಪ ಕೇಳಿದ: "ಏನಪ್ಪಾ ಅಂಬರೀಶ, ಹುಳುಮನೆ ಒಳಿಕ್ಕೆ ಯಾರಾರ ಹೊಸಬ್ರು ಕಾಲಿಟ್ಟವ್ರಾ?" ನೀನು ಕ್ಯಾನು ತೂಗುತ್ತಲೇ ಹೇಳಿದೆ: "ಅಕ್ಕ ಬಂದವ್ಳೆ." ಎರಡೇ ಮಾತು. ನಾನು ಸಾಲಿನ ಕೊನೆಯಲ್ಲಿ ತಂಬಿಗೆ ಹಿಡಿದು ನಿಂತಿದ್ದೆ. ಗಂಡ ಸತ್ತು ವರ್ಷ ತುಂಬದವಳು ಹುಳುಮನೆಗೆ ಹೋದಳೆಂಬ ಮಾತು ಸಾಲಿನಲ್ಲಿ ಹಿಂದಿನವರೆಗೆ ಬಂದು, ನನ್ನನ್ನು ದಾಟಿ ಹೋಯಿತು.

ನನಗೆ ಬೇಕಾದದ್ದು ಒಂದೇ. ಡೈರಿಯ ಮುಂದೆ ಹೇಳಿದ್ದನ್ನು ಡೈರಿಯ ಮುಂದೆಯೇ ಹಿಂದಕ್ಕೆ ತೆಗೆದುಕೊ. "ಅಕ್ಕನಿಂದಲ್ಲ" ಎಂದರೆ ಸಾಕು. ಇದೂ ಎರಡೇ ಮಾತು.

ಕವಿತ


ಲಗ್ಗೆರೆ
22 ಏಪ್ರಿಲ್ 2024

ಅಂಬರೀಶನಿಗೆ,

ಉತ್ತರ ಬರಲಿಲ್ಲ. ಬರುವುದೆಂದು ಕಾಯಲೂ ಇಲ್ಲ. ಬೇಸಿಗೆಯ ಹುಳು ಎದ್ದಿರುತ್ತದೆ ಎಂಬ ಲೆಕ್ಕದಲ್ಲಿ ಬರೆಯುತ್ತಿದ್ದೇನೆ. ನಿನ್ನ ಮೇಲೆ ಕೋಪ. ಹುಳುವಿನ ಮೇಲೆ ಇಲ್ಲ.

ಇಲ್ಲಿ ಕೊಳವೆಬಾವಿ ನಿಂತಿದೆ. ಟ್ಯಾಂಕರು ಬಂದಾಗ ಹುಡುಗಿಯರು ಕೊಡ ಹಿಡಿದು ಮೆಟ್ಟಿಲಲ್ಲೆಲ್ಲ ಸಾಲು. ಕಳೆದ ವಾರ ಯಾವುದೋ ಕಾಲೇಜಿನ ವಿದ್ಯಾರ್ಥಿಗಳು ಬಂದು ನಮ್ಮ ತಾರಸಿಯ ಅರ್ಧ ಭಾಗಕ್ಕೆ ಬಿಳಿ ಬಣ್ಣ ಬಳಿದು ಹೋದರು. ಅರ್ಧಕ್ಕೆ ಮಾತ್ರ, ಹೋಲಿಸಿ ನೋಡಲಂತೆ. ಬಿಳಿಯ ಅರ್ಧದ ಕೆಳಗೆ ಮಲಗಿದವರು ನಿದ್ದೆ ಮಾಡುತ್ತಾರೆ. ಉಳಿದ ಅರ್ಧದವರು ಅವರನ್ನು ಬೈಯುತ್ತಾರೆ. ನನ್ನ ಕೋಣೆ ಉಳಿದ ಅರ್ಧದ ಕೆಳಗೆ.

ನೀನು ಮಾಡಬೇಕಾದದ್ದು ಹೇಳುತ್ತೇನೆ. ಹುಳುಮನೆಯ ಹೆಂಚಿಗೆ ಸುಣ್ಣ ಬಳಿಸು. ಹಗಲು ಕಿಟಕಿ ಮುಚ್ಚಿ ಒದ್ದೆ ಗೋಣಿ ಇಳಿಬಿಡು, ಹೊತ್ತು ಮುಳುಗಿದ ಮೇಲೆ ಎಲ್ಲ ಕಿಟಕಿ ತೆರೆ. ಅಪ್ಪ ಮಾಡುತ್ತಿದ್ದದ್ದೂ ಇಷ್ಟೇ, ಆದರೆ ಆಗ ಕೆಲಸದ ಮುಕ್ಕಾಲು ಭಾಗ ತೋಪು ಮಾಡುತ್ತಿತ್ತು. ಮಾವಿನ ಮರ ಬೇರಿನಿಂದ ನೀರು ಎಳೆದು ಎಲೆಯಿಂದ ಬಿಡುತ್ತಿತ್ತು. ಗೋಣಿ ಆರುತ್ತ ತಂಪು ಕೊಡುತ್ತದಲ್ಲ, ಅದೇ ಕೆಲಸ, ಅಷ್ಟು ದೊಡ್ಡದಾಗಿ. ಸಂಜೆ ಕೆರೆಯ ಕಡೆಯ ಗಾಳಿ ಆ ಎಲೆಗಳ ಕೆಳಗೆ ಹಾದು ಬರುತ್ತಿತ್ತು. ಈಗ ಅದು ಲೇಔಟಿನ ಡಾಂಬರಿನ ಮೇಲೆ ಹಾದು, ಕಾಂಪೌಂಡಿಗೆ ತಲೆ ಹೊಡೆದುಕೊಂಡು ಬರುತ್ತದೆ. ಆ ಮನೆಗಳ ಏಸಿ ಪೆಟ್ಟಿಗೆಗಳೆಲ್ಲ ನಮ್ಮ ಹುಳುಮನೆಯ ಕಡೆಗೇ ಮುಖ ಮಾಡಿವೆ. ಅವರು ಒಳಗಿನ ಬಿಸಿಯನ್ನು ಹೊರಗೆ ಚೆಲ್ಲುತ್ತಾರೆ. ಹೊರಗೆಂದರೆ ನಾವು.

ಈ ಸಲ ಎರಡು ಮಾತಿನ ಬಗ್ಗೆ ಬರೆದಿಲ್ಲ. ಬರೆದಿಲ್ಲ ಎಂದು ಬರೆದಿದ್ದೇನೆ.

ಕವಿತ


ಆವತಿ
6 ಮೇ 2024

ಅಕ್ಕನಿಗೆ,

ಬೆಳೆ ಹೋಯಿತು. ನಾಲ್ಕನೇ ಜ್ವರ ಎದ್ದು, ಕೊನೆಯ ಪೊರೆ ಕಳಚಿ, ಸೊಪ್ಪಿಗೆ ಬಾಯಿ ಹಾಕಿದ್ದವು. ಇನ್ನು ವಾರ ಕಳೆದರೆ ಹಣ್ಣಾಗಿ ಗೂಡು ಕಟ್ಟಲು ಚಂದ್ರಿಕೆ ಹತ್ತಬೇಕು. ತಿನ್ನುವುದು ನಿಲ್ಲಿಸಿದವು. ಬಾಯಿಂದ ನೀರು. ನಿನಗೆ ಗೊತ್ತಿರುವುದೇ.

ನೀನು ಬರೆದದ್ದನ್ನು ಮಾಡಲಿಲ್ಲ. ಸುಣ್ಣ ತರಿಸಿದ್ದೆ, ಚೀಲ ಇನ್ನೂ ಜಗಲಿಯ ಮೇಲಿದೆ. ಕಿಟಕಿ ತೆರೆಯಲಾಗಲಿಲ್ಲ. ಲೇಔಟಿನ ಮನೆಗಳ ಮಹಡಿಯಿಂದ ಹುಳುಮನೆಯ ಒಳಗೆಲ್ಲ ಕಾಣುತ್ತದೆ, ದೃಷ್ಟಿಯಾಗುತ್ತದೆ ಎಂದು ದೊಡ್ಡಮುನಿಯಪ್ಪ ಹೇಳಿದ. "ಅವ್ರು ಬಾಲ್ಕನೀಲಿ ಕಾಫಿ ಕುಡ್ಕೊಂಡು ನಿಮ್ ಹುಳ ಎಣಿಸ್ತಾ ನಿಂತಿರ್ತಾರೆ ಕಣಪ್ಪ" ಎಂದ. ಕಿಟಕಿಗಳಿಗೆ ಹಲಗೆ ಹೊಡೆಸಿದೆ. ಹೊಡೆಸುವಾಗ ನಿನ್ನ ಕಾಗದ ಅಂಗಿಯ ಜೇಬಿನಲ್ಲೇ ಇತ್ತು. ಎರಡನ್ನೂ ಒಟ್ಟಿಗೆ ಇಟ್ಟುಕೊಂಡು ಒಬ್ಬ ಮನುಷ್ಯ ಓಡಾಡಬಹುದು ಎಂಬುದು ನನಗೆ ಈಚೆಗೆ ತಿಳಿಯುತ್ತಿರುವ ಸಂಗತಿ.

ನೀನು ತೋಪಿನ ಬಗ್ಗೆ ಬರೆಯುತ್ತೀಯ. ಮಾರಿದ್ದು ನಾನು, ನಿಜ. ಪತ್ರಕ್ಕೆ ನಿನ್ನ ಸಹಿಯೂ ಇದೆ. ಸಬ್‌ರಿಜಿಸ್ಟ್ರಾರ್ ಆಫೀಸಿನಲ್ಲಿ ಹೆಬ್ಬೆಟ್ಟಿನ ಯಂತ್ರ ನಿನ್ನ ಬೆರಳನ್ನು ಒಪ್ಪದೆ, ನೀನು ಸೆರಗಿನಿಂದ ಒರೆಸಿಕೊಂಡು ಮತ್ತೆ ಮತ್ತೆ ಒತ್ತಿದ್ದು ನನಗೆ ನೆನಪಿದೆ.

ಇನ್ನೊಂದು. "ನಿನ್ನ ಹೆಂಡತಿ" ಎಂದು ಬರೆದಿದ್ದೆ. ಅವಳಿಗೂ ಹೆಸರಿದೆ ಅಕ್ಕ. ಅಕ್ಷತ. ಹತ್ತೊಂಬತ್ತು ವರ್ಷದಿಂದ ಈ ಮನೆಯಲ್ಲಿದ್ದಾಳೆ. ನಿನ್ನ ಕಾಗದದಲ್ಲಿ ಒಮ್ಮೆಯೂ ಬಂದಿಲ್ಲ.

ಅಂಬರೀಶ್


ಲಗ್ಗೆರೆ
14 ಮೇ 2024

ಅಂಬರೀಶನಿಗೆ,

ಸಹಿ ಹಾಕಿದೆ, ಬೆರಳೂ ಒತ್ತಿದೆ. ಆ ಪತ್ರದಲ್ಲಿ ಏನಿದೆಯೆಂದು ನೀನು ಓದಿದ್ದೀಯಾ? "ಸಹೋದರಿಗೆ ಅರಿಶಿನ ಕುಂಕುಮದ ಬಾಬ್ತು ಸಂದಾಯವಾಗಿರುತ್ತದೆ, ಇನ್ನು ಯಾವ ಹಕ್ಕೂ ಇರುವುದಿಲ್ಲ" ಎಂದಿದೆ. ಆಗ ನಮ್ಮ ಯಜಮಾನರು ಬದುಕಿದ್ದರು. ನಾನು ನಗುತ್ತಲೇ ಒತ್ತಿದೆ. ಒಂದೂವರೆ ವರ್ಷಕ್ಕೆ ಅರಿಶಿನವೂ ಹೋಯಿತು, ಕುಂಕುಮವೂ ಹೋಯಿತು. ಹಕ್ಕು ಮಾತ್ರ ಅದಕ್ಕೂ ಮೊದಲೇ ಹೋಗಿತ್ತು. ಪತ್ರ ಬರೆದವನು ಜಾಣ. ಯಾವುದು ಮೊದಲು ಹೋಗಬೇಕೆಂದು ಅವನಿಗೆ ಗೊತ್ತಿತ್ತು.

ನಾನು ಊರಿನಿಂದ ಹೊರಟು ಆರು ತಿಂಗಳ ಮೇಲೆ ಆಯಿತು. ಹುಳು ಈಗಲೂ ಸತ್ತವು. ಈಗ ಡೈರಿಯ ಮುಂದೆ ಹೇಳುವುದಕ್ಕೆ ಏನು ಅಡ್ಡಿ?

ಭಾನುವಾರ ಸಿಂಚನ ಬಂದಿದ್ದಳು. ಥರ್ಮಾಮೀಟರನ್ನು ಹಳೆಯ ಸೀರೆಯ ತುಂಡಿನಲ್ಲಿ ಸುತ್ತಿ ಅವಳ ಕೈಲಿ ಕಳಿಸಿದ್ದೇನೆ. ಹೊಸದರ ಪಕ್ಕ ತೂಗುಹಾಕಿ ನೋಡು. ಬತ್ತಿಯ ಬಟ್ಟಲಿಗೆ ನೀರು ಹಾಕುವುದನ್ನು ಮರೆಯಬೇಡ. ಮರೆತರೆ ಎರಡು ಕೊಳವೆಯೂ ಒಂದೇ ಹೇಳುತ್ತವೆ, ಗಾಳಿಯಲ್ಲಿ ಎಷ್ಟು ತೇವ ಉಳಿದಿದೆ ಎಂದು ತಿಳಿಯುವುದಿಲ್ಲ.

ಅಕ್ಷತಳಿಗೆ ನಾನು ಕೇಳಿದೆನೆಂದು ಹೇಳು. ಹೆಸರು ಬಂತಲ್ಲ.

ಕವಿತ


ಆವತಿ
30 ಮೇ 2024

ಅಕ್ಕನಿಗೆ,

ತಲುಪಿತು. ಒಡೆದಿಲ್ಲ.

ಹಳೆಯದನ್ನು ಅದರ ಮೊಳೆಗೇ ಹಾಕಿದೆ. ಗೋಡೆಯ ಬಿಳಿ ಗುರುತಿನೊಳಗೆ ಸರಿಯಾಗಿ ಕೂತಿತು. ಹೊಸದು ಪಕ್ಕದಲ್ಲಿ. ಸಂಜೆ ನೋಡಿದೆ, ಬೆಳಗ್ಗೆ ನೋಡಿದೆ. ಎರಡೂ ಒಂದೇ ತೋರಿಸುತ್ತವೆ.

ಅಕ್ಷತ ಬಂದು ನೋಡಿದಳು. "ಅಲ್ಲಿ ಬೆಂಗ್ಳೂರು ಶೆಕೇಲಿ ಅಷ್ಟು ದಿನ ಇದ್ದು ಅದೂ ಕೆಟ್ಟೋಗೈತೆ ಬಿಡಿ" ಎಂದಳು. ನಾನು ಇಲ್ಲವೆನ್ನಲಿಲ್ಲ. ಗಾಜು ಊರು ಬದಲಾಯಿಸಿದರೆ ಕೆಡುವುದಿಲ್ಲ ಎಂದು ನನಗೆ ಗೊತ್ತು. ಗೊತ್ತಿರುವುದಕ್ಕೂ ಹೇಳುವುದಕ್ಕೂ ನಡುವೆ ಒಂದು ಅಂಗಳದಷ್ಟು ಜಾಗ ಇರುತ್ತದೆ. ನಾನು ಬಹಳ ಕಾಲದಿಂದ ಅಲ್ಲೇ ಕುರ್ಚಿ ಹಾಕಿಕೊಂಡು ಕೂತಿದ್ದೇನೆ.

ಒಂದು ಸಂಜೆ ಲೇಔಟಿನೊಳಗೆ ನಡೆದು ಹೋದೆ. ಮಾರಿದ ಮೇಲೆ ಅದೇ ಮೊದಲು. ಕಾವಲುಗಾರ, "ಯಾರು ಬೇಕಿತ್ತು ಸಾರ್?" ಎಂದ. ಯಾರ ಹೆಸರು ಹೇಳಬೇಕೋ ತೋಚದೆ, "ಗಂಗಣ್ಣ" ಎಂದೆ. ಅಪ್ಪನ ಹೆಸರು. "ಅಂಥೋರು ಇಲ್ಲಿಲ್ಲ" ಎಂದು ಅವನು ರಿಜಿಸ್ಟರು ಮುಚ್ಚಿದ. ಹೊತ್ತು ಮುಳುಗಿತ್ತು. ಚಪ್ಪಲಿಯ ಕೆಳಗೆ ರಸ್ತೆ ಇನ್ನೂ ಬಿಸಿ. ಅಪ್ಪ ಗೂಡು ಬಿಡಿಸಲು ಕೂರುತ್ತಿದ್ದ ದೊಡ್ಡ ಮರ ಎಲ್ಲಿತ್ತು ಎಂದು ಹುಡುಕಿದೆ. ಅಲ್ಲಿ ಕಾರು ನಿಲ್ಲಿಸುವ ಚಪ್ಪಡಿ. ನಾನು ನಮ್ಮ ಹುಳುಮನೆಯ ಕಡೆ ಹಿಂತಿರುಗಿ ನೋಡಿದೆ. ಅಲ್ಲಿಂದ ಅದು ಬಹಳ ಸಣ್ಣದಾಗಿ, ಬಾಗಿಲು ಮುಚ್ಚಿದ ಅಡುಗೆಮನೆಯ ಹಾಗೆ ಕಂಡಿತು.

ಅಂಬರೀಶ್


ಆವತಿ
9 ನವೆಂಬರ್ 2024

ಅಕ್ಕನಿಗೆ,

ಹಿಂದಿನ ಕಾಗದಕ್ಕೆ ನೀನು ಉತ್ತರ ಬರೆಯಲಿಲ್ಲ. ದೀಪಾವಳಿಗೂ ಬರಲಿಲ್ಲ. ಕರೆದಿರಲಿಲ್ಲ, ಆದರೂ ಎಡೆಗೆ ಇಟ್ಟ ಒಬ್ಬಟ್ಟನ್ನು ಸಿಂಚನ ನಿನಗೆಂದು ಎತ್ತಿಟ್ಟಳು.

ದೊಡ್ಡಮುನಿಯಪ್ಪನ ಬೇಸಿಗೆ ಬೆಳೆಯೂ ಹೋಗಿತ್ತಂತೆ. ಮುಚ್ಚಿಟ್ಟಿದ್ದ. ಈಗ ಹೊರಬಂತು. ಲೇಔಟಿನ ಎರಡನೆಯ ಹಂತ ಅವನ ಹೊಲದ ಬದುವಿಗೆ ಬಂದು ನಿಂತಿದೆ. ಡೈರಿಯಲ್ಲಿ ಯಾರೋ ಕೆಣಕಿದರು: "ನಿಮ್ ಮನೇಗೆ ಯಾರು ಕಾಲಿಟ್ರು ಮುನಿಯಪ್ಪಣ್ಣ?" ಅವನು ಬೀಡಿ ಆರಿಸಿ ಯೋಚಿಸಿ ಹೇಳಿದ: "ಹೋದ ವರ್ಸ ಇವ್ನ ಅಕ್ಕ ಊರು ಬಿಡೋ ದಿವ್ಸ ನಮ್ ಮನೇಲಿ ಕಾಫಿ ಕುಡ್ಕೊಂಡು ಹೋದ್ಲು. ನಮ್ಮೋಳು ಬುದ್ಧಿ ಇಲ್ದೆ ಕರೆದ್ಬಿಟ್ಲು."

ಎಲ್ಲರೂ ನನ್ನ ಮುಖ ನೋಡಿದರು. ಆ ಹೊತ್ತು ಬಂದಿತ್ತು. ನೀನು ಕೇಳಿದ ಎರಡು ಮಾತಿಗೆ ಅದಕ್ಕಿಂತ ಒಳ್ಳೆಯ ಜಾಗ ಸಿಗುವುದಿಲ್ಲ ಎಂಬುದೂ ನನಗೆ ತಿಳಿಯುತ್ತಿತ್ತು. ನಾನು ಕ್ಯಾನಿನ ಮುಚ್ಚಳ ಹಾಕಿದೆ. ಅದು ಸರಿಯಾಗಿ ಕೂರಲಿಲ್ಲ. ತೆಗೆದು ಮತ್ತೆ ಹಾಕಿದೆ. ಅಷ್ಟರಲ್ಲಿ ಮಾತು ಹಿಂಡಿಯ ಮೂಟೆಯ ಕಡೆ ಹೋಗಿತ್ತು.

ಇದನ್ನು ನಿನಗೆ ಬರೆಯಬೇಕಾಗಿರಲಿಲ್ಲ.

ಹುಳು ಸಾಕುವುದನ್ನು ಬಿಟ್ಟಿದ್ದೇನೆ. ಸೊಪ್ಪಿನ ತೋಟ ಕೀಳಿಸಿದೆ. ಹುಳುಮನೆ ಕೆಡವಿ ಅದೇ ಜಾಗದಲ್ಲಿ ಮೂರು ಕೋಣೆ ಎಬ್ಬಿಸುತ್ತಿದ್ದೇನೆ. ಲೇಔಟಿನ ಕೆಲಸದವರು ಬಾಡಿಗೆಗೆ ಕೇಳುತ್ತಿದ್ದಾರೆ.

ಅಂಬರೀಶ್


ಲಗ್ಗೆರೆ
17 ಮಾರ್ಚ್ 2025

ಅಂಬರೀಶನಿಗೆ,

ಬರೆಯಬಾರದೆಂದಿದ್ದೆ. ಒಂದು ನಗುವ ಸಂಗತಿ ನಡೆಯಿತು, ಹೇಳಿಕೊಳ್ಳಲು ಇನ್ನಾರೂ ಇಲ್ಲ.

ಈ ಬೇಸಿಗೆ ಮೊದಲೇ ಶುರುವಾಗಿದೆ. ಇಬ್ಬರು ಹುಡುಗಿಯರು ರಾತ್ರಿ ಶೆಕೆಗೆ ನಿದ್ದೆಯಿಲ್ಲದೆ, ಗಾರ್ಮೆಂಟ್ಸಿನಲ್ಲಿ ಮೆಷಿನ್ ಮುಂದೆ ತಲೆ ತಿರುಗಿ ಬಿದ್ದರು. ಒಬ್ಬಳ ಮನೆಯವರು ಹಾಸ್ಟೆಲಿಗೆ ಬಂದು ಗಲಾಟೆ ಮಾಡಿದರು. ಮಾಲೀಕ ಎಲ್ಲರನ್ನೂ ಕೆಳಗೆ ಕೂರಿಸಿ ಹೇಳಿದ: "ಈ ಬಿಲ್ಡಿಂಗ್ ಕಟ್ಟಿ ಎಂಟು ವರ್ಷ ಆಯ್ತು. ಒಂದು ಕಂಪ್ಲೇಂಟ್ ಇರ್ಲಿಲ್ಲ. ಈ ಮೇಡಂ ಬಂದ್ಮೇಲೇ ನೋಡಿ ಶುರುವಾಗಿದ್ದು."

ನಾನು ಜೋರಾಗಿ ನಕ್ಕುಬಿಟ್ಟೆ. ಅಷ್ಟು ಜನರ ನಡುವೆ, ನಿಲ್ಲಿಸಲಾಗದೆ. ಹುಡುಗಿಯರು ಹೆದರಿದರು. ಮಾಲೀಕನಿಗೆ ಅವಮಾನವಾಯಿತು. ಈ ಎಂಟು ವರ್ಷದಲ್ಲಿ ಹಿಂದಿನ ಖಾಲಿ ಸೈಟಿನ ಹೊಂಗೆ ಮರಗಳು ಹೋಗಿವೆ. ಎರಡೂ ಪಕ್ಕ ಇದಕ್ಕಿಂತ ಎತ್ತರದ ಕಟ್ಟಡಗಳು ಬಂದಿವೆ. ಬಿಳಿ ಬಳಿದಿದ್ದ ಅರ್ಧ ತಾರಸಿಯ ಮೇಲೆ ತಗಡಿನ ಷೆಡ್ಡು ಹಾಕಿ ಇನ್ನೂ ಹನ್ನೆರಡು ಮಂಚ ಇಟ್ಟವನು ಅವನೇ. ಅದಾವುದೂ ಅವನ ಕಣ್ಣಿಗೆ ಬಿದ್ದಿಲ್ಲ, ಅವು ಮೆಲ್ಲಗೆ ಬಂದವು. ನಾನು ಒಂದೇ ದಿನದಲ್ಲಿ ಪೆಟ್ಟಿಗೆ ಹಿಡಿದು ಬಂದೆ, ಕಣ್ಣಿಗೆ ಬಿದ್ದೆ.

ಏಪ್ರಿಲ್ ಕೊನೆಗೆ ಜಾಗ ಬಿಡಬೇಕು. ಐವತ್ತೆರಡರ ಹೆಂಗಸಿಗೆ ಇನ್ನೊಂದು ವಾರ್ಡನ್ ಕೆಲಸ ಕೂಡಲೇ ಸಿಗುವುದಿಲ್ಲ. ಹುಡುಕುತ್ತಿದ್ದೇನೆ.

ಸಹಾಯ ಕೇಳುತ್ತಿಲ್ಲ. ಎರಡು ಊರಿನ ಶೆಕೆಗೂ ನಾನೇ ಕಾರಣ ಎಂದು ತಿಳಿಸುತ್ತಿದ್ದೇನೆ.

ಕವಿತ


ಆವತಿ
25 ಮಾರ್ಚ್ 2025

ಅಕ್ಕನಿಗೆ,

ಕಾಗದ ಓದಿ ಅಕ್ಷತಳಿಗೂ ಓದಲು ಕೊಟ್ಟೆ. ಅವಳೇ ಹೇಳಿದಳು: "ಬರ್ಲಿ ಬಿಡಿ. ಈಗ ಏನೈತೆ ಒಳಗೆ, ಹಾಳಾಗೋಕೆ?"

ಅವಳು ಒಳ್ಳೆಯ ಮನಸ್ಸಿನಿಂದಲೇ ಹೇಳಿದಳು. ಅದನ್ನು ಬೇರೆ ಮಾತಿನಲ್ಲಿ ಬರೆಯಬಹುದಿತ್ತು. ಬರೆದರೆ ನನ್ನ ಮಾತಾಗುತ್ತಿತ್ತು.

ಮೂರು ಕೋಣೆಯಲ್ಲಿ ಕೊನೆಯದು ಖಾಲಿ ಇದೆ. ಹುಳುಮನೆಯ ಬಾಗಿಲು ಇದ್ದ ಜಾಗವೇ ಅದರ ಬಾಗಿಲು. ಮೇಲೆ ಆರ್‌ಸಿಸಿ, ಕೆಳಗೆ ಟೈಲ್ಸು. ಪಶ್ಚಿಮದ ಗೋಡೆಗೆ ಮಧ್ಯಾಹ್ನದ ಬಿಸಿಲು ಬೀಳುತ್ತದೆ, ಒಂದು ಫ್ಯಾನು ಹಾಕಿಸುತ್ತೇನೆ. ಈಗ ಯಾರೂ ಏನೂ ಅನ್ನುವುದಿಲ್ಲ. ಒಳಗೆ ಹುಳು ಇಲ್ಲ.

ಬಾ.

ಅಂಬರೀಶ್


ಲಗ್ಗೆರೆ
8 ಏಪ್ರಿಲ್ 2025

ಅಂಬರೀಶನಿಗೆ,

ನಿನ್ನ ಕಾಗದವನ್ನು ಬಹಳ ದಿನ ಕೈಲಿ ಇಟ್ಟುಕೊಂಡಿದ್ದೆ. "ಈಗ ಯಾರೂ ಏನೂ ಅನ್ನುವುದಿಲ್ಲ." ಅಂದರೆ ಅಂದದ್ದು ಹಾಗೇ ಇದೆ. ಅನ್ನಲು ಕೆಲಸವಿಲ್ಲದೆ ನಿಂತಿದೆ.

ಬರುತ್ತೇನೆ. ಬೇರೆ ಕಡೆ ನೋಡಿದೆ, ಸಿಗಲಿಲ್ಲ. ಇದನ್ನು ಮುಚ್ಚಿಟ್ಟು ದೊಡ್ಡವಳಾಗುವುದಿಲ್ಲ. ಆದರೆ ತಂಗಲು ಬಂದ ಅಕ್ಕನಾಗಿ ಅಲ್ಲ, ಬಾಡಿಗೆಯವಳಾಗಿ. ಉಳಿದ ಎರಡು ಕೋಣೆಯವರಿಗೆ ಬರೆದುಕೊಟ್ಟ ಕರಾರೇ ನನಗೂ ಇರಲಿ. ಅರಿಶಿನ ಕುಂಕುಮದ ಮಾತು ಅದರಲ್ಲಿ ಬೇಡ.

ಎರಡು ಮಾತು ನಿನ್ನ ಬಾಯಲ್ಲಿ ಬರುವುದಿಲ್ಲ ಎಂದು ನನಗೆ ಈಗ ಗೊತ್ತಾಗಿದೆ. ನಿನ್ನನ್ನು ಇನ್ನು ಕೇಳುವುದಿಲ್ಲ. ಅದಕ್ಕೆ ಬದಲು ಒಂದು ಕೆಲಸ ಮಾಡು. ಹಳೆಯದು, ಹೊಸದು, ಎರಡೂ ಥರ್ಮಾಮೀಟರನ್ನು ನನ್ನ ಕೋಣೆಯ ಹೊರಗೋಡೆಗೆ ತೂಗುಹಾಕು. ಡೈರಿಗೆ ಹಾಲು ಹಾಕಲು ಹೋಗುವವರೆಲ್ಲ ಆ ಗೋಡೆಯ ಪಕ್ಕದಲ್ಲೇ ಹಾದು ಹೋಗಬೇಕು. ಬೆಳಗ್ಗೆಯೂ ನೋಡಲಿ, ಸಂಜೆಯೂ ನೋಡಲಿ. ದೊಡ್ಡಮುನಿಯಪ್ಪನಿಗೆ ಅಪ್ಪನ ಕಾಲದ ಅಂಕಿ ಬಾಯಿಪಾಠ ಇದೆ. ಅವನೇ ನೋಡಿ ಅವನೇ ಹೇಳಿಕೊಳ್ಳಲಿ. ನೀನು ಅಲ್ಲಿ ನಿಲ್ಲುವುದೂ ಬೇಡ.

ಬಸ್ಸು ಇಳಿದು ಆ ಗೋಡೆ ನೋಡುತ್ತೇನೆ. ಎರಡೂ ಅಲ್ಲಿದ್ದರೆ ಒಳಗೆ ಬರುತ್ತೇನೆ. ಇಲ್ಲದಿದ್ದರೆ ಚಿಕ್ಕಬಳ್ಳಾಪುರದಿಂದ ಬರುವ ಯಾವುದಾದರೂ ಬಸ್ಸು ಹತ್ತುತ್ತೇನೆ. ಅದು ಎಲ್ಲಿಗೆ ಹೋಗುತ್ತದೆಂಬುದು ನಿನಗೆ ಬೇಡ.

ಬಟ್ಟಲಿಗೆ ನೀರು ಹಾಕುತ್ತಿದ್ದೀಯಾ?

ಕವಿತ


ಆವತಿ
19 ಏಪ್ರಿಲ್ 2025

ಅಕ್ಕನಿಗೆ,

ಕೋಣೆ ಸಿದ್ಧವಾಗಿದೆ. ಫ್ಯಾನು ಹಾಕಿಸಿದೆ. ಕರಾರು ಬರೆಸಿದೆ, ನೀನು ಹೇಳಿದಂತೆ.

ಥರ್ಮಾಮೀಟರು ಹಾಕಲು ನಾನೇ ಸುತ್ತಿಗೆ ಹಿಡಿದು ಹೋದೆ. ಹೊಸ ಗೋಡೆ, ಅಡಿಯಿಂದ ಮುಡಿಯವರೆಗೆ ಕಾಂಕ್ರೀಟು. ಒಂದು ಮೊಳೆ ಬಾಗಿತು. ಇನ್ನೊಂದೂ ಬಾಗಿತು. ಅಕ್ಷತ ಬಾಗಿಲಿಗೆ ಬಂದು ನೋಡಿ ಒಳಗೆ ಹೋದಳು. ಮುಂದಿನ ತಿಂಗಳು ಸಿಂಚನಳನ್ನು ನೋಡಲು ಹೊಸಕೋಟೆ ಕಡೆಯಿಂದ ಒಂದು ಮನೆಯವರು ಬರುತ್ತಾರೆ. ಮನೆಯ ಮುಂದೆ ಇದೇನು ಎಂದು ಅವರು ಕೇಳಿದರೆ ಹೇಳುವುದು ಉದ್ದವಾಗುತ್ತದೆ.

ಅದಕ್ಕೇ ಎರಡನ್ನೂ ಡೈರಿಯಲ್ಲೇ ತೂಗುಹಾಕಿದ್ದೇನೆ. ಡೈರಿಗೆ ಬರುವವರು ನೋಡಬೇಕೆಂಬುದೇ ತಾನೆ ನಿನ್ನ ಇಷ್ಟ? ಹೊರಗೆ ಹಾಕಿದರೆ ಯಾರಾದರೂ ಒಡೆದಾರು ಎಂದು ಒಳಗೆ, ಹಾಲು ಪರೀಕ್ಷೆ ಮಾಡುವ ಯಂತ್ರದ ಕೋಣೆಯಲ್ಲಿ, ಗಾಜಿನ ಕಿಟಕಿಗೆ ಎದುರಾಗಿ. ಶೆಕೆಗೆ ಯಂತ್ರ ತಪ್ಪು ತೋರಿಸುತ್ತಿತ್ತು, ಈ ಬೇಸಿಗೆ ಆ ಕೋಣೆಗೆ ಏಸಿ ಹಾಕಿಸಿದೆವು. ಪೆಟ್ಟಿಗೆಯನ್ನು ಹಾಲಿನ ಸಾಲು ನಿಲ್ಲುವ ಕಡೆಯ ಗೋಡೆಗೆ ಕೂರಿಸಿದ್ದಾರೆ, ಬೇರೆ ಜಾಗವಿರಲಿಲ್ಲ. ಅದು ಊದುವ ಬಿಸಿಗೆ ಜನ ಟವೆಲು ಬೀಸಿಕೊಳ್ಳುತ್ತ ನಿಲ್ಲುತ್ತಾರೆ.

ನಿನ್ನೆ ದೊಡ್ಡಮುನಿಯಪ್ಪ ಕಿಟಕಿಗೆ ಮುಖವಿಟ್ಟು ನೋಡಿದ. ಬೆವರು ಒರೆಸಿಕೊಂಡು ಮತ್ತೆ ನೋಡಿದ.

"ಗಂಗಣ್ಣಂದಲ್ವಾ ಅದು? ಎಷ್ಟು ತೋರಿಸ್ತೈತೆ?"

"ಇಪ್ಪತ್ಮೂರು."

"ಪಕ್ಕದ್ದು?"

"ಅದೂ ಅಷ್ಟೇ."

"ನಿಮ್ಮಪ್ಪನ ಕಾಲ್ದಾಗೂ ಅಷ್ಟೇ ಇತ್ತು. ಮತ್ತೆ ಶೆಕೆ ಶೆಕೆ ಅಂತಾರಲ್ಲ, ಎಲ್ಲೈತಪ್ಪಾ ಶೆಕೆ?"

ಎಂದು ಅವನು ಸಾಲಿನ ಕಡೆ ತಿರುಗಿದ. ಎಲ್ಲರೂ ಒಮ್ಮೆ ಥರ್ಮಾಮೀಟರು ನೋಡಿದರು, ಒಮ್ಮೆ ನನ್ನ ಮುಖ ನೋಡಿದರು. ಆಮೇಲೆ, ಹಾಗಾದರೆ ಹುಳು ಯಾತರಿಂದ ಹೋದವು ಎಂಬ ಮಾತೆದ್ದು, ನಿನ್ನ ಹೆಸರು ಬಂತು. ಯಾರು ಮೊದಲು ಅಂದದ್ದೆಂದು ನಾನು ಗಮನಿಸಲಿಲ್ಲ. ಆ ಹೊತ್ತಿಗೆ ಕ್ಯಾನುಗಳು ಬಹಳ ಇದ್ದವು.

ಬಟ್ಟಲಿಗೆ ದಿನಾ ನೀರು ಹಾಕುತ್ತಿದ್ದೇನೆ.

ಯಾವ ಬಸ್ಸಿಗೆ ಬರುತ್ತೀಯ ಬರೆ. ನಿಲ್ದಾಣ ಈಗ ರಸ್ತೆಯ ಆಚೆ ಬದಿಗೆ ಹೋಗಿದೆ. ಅಲ್ಲಿ ನೆರಳಿಲ್ಲ.

ಅಂಬರೀಶ್